ಪಾಲು ಸರಿಯಾಗಿದೆ ಅಂತ ಹೇಳುವವರು ಯಾರು?

ಒಬ್ಬ ಸತ್ತಿದ್ದಾನೆ. ಅವನಿಗೆ ಮೂವರು ಹೆಂಡತಿಯರು. ಮದುವೆಯ ಹೊತ್ತಿನಲ್ಲಿ ಒಬ್ಬಳಿಗೆ 100, ಇನ್ನೊಬ್ಬಳಿಗೆ 200, ಮತ್ತೊಬ್ಬಳಿಗೆ 300 ನಾಣ್ಯ ಸಲ್ಲಬೇಕು ಎಂದು ಬರೆದುಕೊಟ್ಟಿದ್ದ. ಈಗ ಪೆಟ್ಟಿಗೆ ತೆಗೆದು ನೋಡಿದರೆ ಅಷ್ಟು ದುಡ್ಡಿಲ್ಲ. ಹೇಗೆ ಹಂಚುವುದು?

ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಇದಕ್ಕೆ ಉತ್ತರವಿದೆ. ಉಳಿದಿರುವುದು 100 ಆದರೆ ಮೂವರಿಗೂ ಸಮ ಪಾಲು. 300 ಆದರೆ 50, 100, 150. ಇಲ್ಲಿಯವರೆಗೆ ಸರಿ. 200 ಆದರೆ? 50, 75, 75. ಮೊದಲ ಸಲ ಓದಿದಾಗ ಇದು ಅಚ್ಚಿನ ತಪ್ಪು ಅಂತಲೇ ಅಂದುಕೊಂಡೆ. ಮೊದಲನೆಯದು ಸಮಪಾಲು. ಕೊನೆಯದು ಬಾಕಿಗೆ ತಕ್ಕ ಪಾಲು. ನಡುವಿನದು ಯಾವ ಲೆಕ್ಕ? ಪಂಡಿತರೂ ಶತಮಾನಗಟ್ಟಲೆ ತಲೆ ಕೆರೆದುಕೊಂಡರು. ಕೊನೆಗೆ 1985ರಲ್ಲಿ ರಾಬರ್ಟ್ ಆಮನ್ ಮತ್ತು ಮೈಕೆಲ್ ಮಾಶ್ಲರ್ ಎಂಬ ಇಬ್ಬರು ಗಣಿತಜ್ಞರು ಈ ಗಂಟು ಬಿಡಿಸಿದರು.

ಸುಳಿವು ಅದೇ ಗ್ರಂಥದ ಇನ್ನೊಂದು ಮೂಲೆಯಲ್ಲಿತ್ತು. ಅಲ್ಲಿ ಒಂದು ಬಟ್ಟೆಗಾಗಿ ಇಬ್ಬರ ಜಗಳ. ‘ಪೂರ್ತಿ ನನ್ನದು’ ಅನ್ನುತ್ತಾನೆ ಒಬ್ಬ. ‘ಅರ್ಧ ನನ್ನದು’ ಅನ್ನುತ್ತಾನೆ ಇನ್ನೊಬ್ಬ. ತೀರ್ಪು ಹೀಗೆ: ಮೊದಲಿನವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಯಾಕೆಂದರೆ ಒಂದರ್ಧದ ಬಗ್ಗೆ ಜಗಳವೇ ಇಲ್ಲ, ಎರಡನೆಯವನು ಅದನ್ನು ಕೇಳುತ್ತಲೇ ಇಲ್ಲ. ಜಗಳ ಇರುವುದು ಉಳಿದರ್ಧಕ್ಕೆ. ಅದನ್ನು ಸಮನಾಗಿ ಹಂಚಬೇಕು.

ಈಗ ಹೆಂಡತಿಯರ ಲೆಕ್ಕಕ್ಕೆ ಬನ್ನಿ. 50, 75, 75 ಅಂದಾಗ ಮೊದಲ ಇಬ್ಬರ ಕೈಗೆ ಒಟ್ಟು 125 ಬಂತು. ಅದರಲ್ಲಿ 100 ಕೇಳುವವಳು 25ರ ತಂಟೆಗೆ ಬರುವುದಿಲ್ಲ. ಅದು ಇನ್ನೊಬ್ಬಳದು. ಮಿಕ್ಕ 100ಕ್ಕೆ ಇಬ್ಬರೂ ಕೈ ಚಾಚಿದ್ದಾರೆ, ತಲಾ 50. ಅಲ್ಲಿಗೆ ಒಬ್ಬಳಿಗೆ 50, ಇನ್ನೊಬ್ಬಳಿಗೆ 75. ಕೂಡಿ ಬಂತು! ಮೂರೂ ಸಂದರ್ಭದಲ್ಲಿ ಯಾವ ಇಬ್ಬರನ್ನು ಹಿಡಿದು ನೋಡಿದರೂ ಲೆಕ್ಕ ಹೀಗೇ ಕೂಡುತ್ತದೆ. ಬೇಕಿದ್ದರೆ ಒಂದು ಚೀಟಿಯ ಹಿಂದೆ ಬರೆದು ನೋಡಿ.

‘ಸರಿಯಾಗಿ ಹಂಚಿ’ ಅನ್ನುವ ಎರಡೇ ಪದದ ಮಾತಿಗೆ ಇಲ್ಲೇ ಮೂರು ಅರ್ಥ ಸಿಕ್ಕವು. ಸಮನಾಗಿ ಹಂಚಿ. ಬಾಕಿಗೆ ತಕ್ಕಂತೆ ಹಂಚಿ. ಜಗಳ ಇರುವಷ್ಟನ್ನು ಮಾತ್ರ ಸಮ ಮಾಡಿ. ಮೂರರಲ್ಲಿ ಯಾವುದೂ ಪೆದ್ದು ಮಾತಲ್ಲ, ಯಾವುದೂ ಮೋಸವಲ್ಲ. ತೆರಿಗೆ, ಕೂಲಿ, ಮೀಸಲಾತಿ, ಪೌರತ್ವ ಅಂತ ನಾವು ಕಿತ್ತಾಡುವಾಗ ಎದುರಿನವನಿಗೆ ನ್ಯಾಯವೇ ಬೇಡ ಅಂದುಕೊಳ್ಳುತ್ತೇವೆ. ಬಹಳ ಸಲ ಅವನ ಕೈಯಲ್ಲಿ ಇರುವುದು ಬೇರೆ ಅಳತೆಗೋಲು, ಅಷ್ಟೇ. ಇದರ ಹಿಂದೆ ಇನ್ನೊಂದು ಪ್ರಶ್ನೆಯೂ ಇದೆ: ಪಾಲು ಕೇಳುವ ಸಾಲಿನಲ್ಲಿ ಯಾರನ್ನು ನಿಲ್ಲಿಸಿಕೊಂಡೆವು, ಯಾರನ್ನು ಬಿಟ್ಟೆವು? ನನ್ನ ಪ್ರಕಾರ ಅದೇ ದೊಡ್ಡ ಪ್ರಶ್ನೆ. ಅಲ್ಲಿಗೆ ಆಮೇಲೆ ಬರೋಣ.

ಏಳು ಜನರ ಸಮಿತಿ

1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಒಂದು ಸಣ್ಣ ಕೊಳವೆ ರೂಪಿಸಿದರು. ರೋಗಿಯ ತೋಳಿನಲ್ಲೇ ಉಳಿಯುವ ಈ ಕೊಳವೆಯಿಂದ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವುದು ಸಾಧ್ಯವಾಯಿತು. ಅದಕ್ಕೂ ಮುಂಚೆ ಕಿಡ್ನಿ ಪೂರ್ತಿ ಕೈಕೊಟ್ಟರೆ ಬದುಕುವ ದಾರಿಯೇ ಇರಲಿಲ್ಲ ಅನ್ನಬಹುದು. ಆದರೆ ಯಂತ್ರಗಳು ಕೆಲವೇ. ಕಾಯುವವರು ತುಂಬ.

ಮೊದಲು ಡಾಕ್ಟರುಗಳು ಈ ಚಿಕಿತ್ಸೆ ಯಾರ ಮೈಗೆ ಒಗ್ಗುತ್ತದೆ ಎಂದು ನೋಡುತ್ತಿದ್ದರು. ಆಮೇಲೆ ಆ ಹೆಸರುಗಳು ಏಳು ಜನರ ಒಂದು ಸಮಿತಿಯ ಮುಂದೆ ಹೋಗುತ್ತಿದ್ದವು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಸರ್ಜನ್. ಇವರು ಯಾರು ಅನ್ನುವುದು ಹೊರಗೆ ಗೊತ್ತಿರಲಿಲ್ಲ. ಇವರು ರೋಗಿಯ ವಯಸ್ಸು ನೋಡುತ್ತಿದ್ದರು. ಮಕ್ಕಳೆಷ್ಟು, ಕೆಲಸ ಏನು, ಎಷ್ಟು ಓದಿದ್ದಾರೆ, ದುಡ್ಡುಕಾಸು ಹೇಗೆ ಎಂದು ವಿಚಾರಿಸುತ್ತಿದ್ದರು. ಚರ್ಚಿಗೆ ಹೋಗುತ್ತಾರಾ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. 1962ರಲ್ಲಿ ಒಂದು ಪತ್ರಿಕೆಯಲ್ಲಿ ಈ ವಿಷಯ ಹೊರಗೆ ಬಂದಾಗ ಜನ ಬೆಚ್ಚಿಬಿದ್ದರು.

ಆ ಏಳು ಜನ ಕೆಟ್ಟವರೇನಲ್ಲ. ಮನಸ್ಸಿಗೆ ಭಾರವಾದ ಕೆಲಸವನ್ನು ಹೊತ್ತುಕೊಂಡಿದ್ದರು. ಆದರೂ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತದೆ, ಅಲ್ವಾ? ಹಾಗಾದರೆ ಏನು ಮಾಡಬೇಕಿತ್ತು? ಮೊದಲು ಬಂದವರಿಗೆ ಮೊದಲು ಅನ್ನಬಹುದಿತ್ತು. ಆಗ ಸುದ್ದಿ ಬೇಗ ತಿಳಿಯುವವರೇ ಗೆಲ್ಲುತ್ತಾರೆ. ಚೀಟಿ ಎತ್ತಬಹುದಿತ್ತು. ಆಗ ನಾಲ್ಕು ಎಳೆ ಮಕ್ಕಳ ತಾಯಿಯೂ ಒಂಟಿ ಮುದುಕರೂ ಒಂದೇ ಡಬ್ಬದಲ್ಲಿ. ಹೆಚ್ಚು ವರ್ಷ ಬದುಕಬಲ್ಲವರಿಗೆ ಕೊಡಬಹುದಿತ್ತು. ಒಂದೊಂದರಲ್ಲೂ ಯಾರಿಗೋ ಒಬ್ಬರಿಗೆ ಹೊಟ್ಟೆ ಉರಿಯುವಂಥದ್ದೇನೋ ಇದ್ದೇ ಇದೆ.

ಜಗಳ ಮುಗಿದ ಬಗೆಯೂ ಗಮನಿಸುವಂಥದ್ದು. ಯಾರೂ ಒಳ್ಳೆಯ ಅಳತೆಗೋಲು ಕಂಡುಹಿಡಿಯಲಿಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ, ಕಿಡ್ನಿ ಕೆಟ್ಟ ಬಹುತೇಕ ಎಲ್ಲರ ಡಯಾಲಿಸಿಸ್ ಖರ್ಚನ್ನೂ ಸರ್ಕಾರದ ವಿಮೆಯೊಳಗೆ ತಂದಿತು. ಯಂತ್ರ ಜಾಸ್ತಿಯಾದವು, ಸಮಿತಿ ಬೇಡವಾಯಿತು.

ಪರದೆಯ ಹಿಂದೆ

ಆ ಸಮಿತಿಯಲ್ಲಿ ಕೂತ ಪ್ರತಿಯೊಬ್ಬರಿಗೂ ತಾನು ಯಾರು ಅನ್ನುವುದು ಚೆನ್ನಾಗಿ ಗೊತ್ತಿತ್ತು. ತನ್ನಂಥವರ ಮೇಲೆ ಮನಸ್ಸು ವಾಲುವುದು ಸಹಜ. ಹಾರ್ವರ್ಡ್‌ನ ತತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ದೊಡ್ಡ ಪುಸ್ತಕದಲ್ಲಿ ಇಡೀ ಸಮಾಜದ ಮಟ್ಟದಲ್ಲಿ ಕೈ ಹಾಕಿದ್ದು ಇದಕ್ಕೇ. ಅವರ ಉಪಾಯ ಸರಳ. ನಿಯಮ ಮಾಡುವಾಗ ನೀವು ಯಾರು ಅನ್ನುವುದು ನಿಮಗೇ ಗೊತ್ತಿಲ್ಲ ಅಂದುಕೊಳ್ಳಿ. ಶ್ರೀಮಂತರೋ ಬಡವರೋ, ಗಂಡೋ ಹೆಣ್ಣೋ, ಜಾಣರೋ ದಡ್ಡರೋ, ಯಾವ ದೇವರನ್ನು ನಂಬುವವರೋ, ಏನೂ ಗೊತ್ತಿಲ್ಲ. ಈ ‘ಅಜ್ಞಾನದ ಪರದೆ’ಯ ಹಿಂದೆ ನಿಂತು ನೀವು ಒಪ್ಪುವ ನಿಯಮವೇ ನ್ಯಾಯವಾದ ನಿಯಮ. ಪರದೆ ಎದ್ದ ಮೇಲೆ ನೀವು ಚರ್ಚಿಗೆ ಹೋಗದ ಒಂಟಿ ಕೂಲಿಯಾಗಿರಬಹುದು ಅನ್ನುವ ಭಯ ಇದ್ದರೆ, ಚರ್ಚಿನ ಹಾಜರಿಗೆ ಅಂಕ ಕೊಡುತ್ತೀರಾ?

ಅಲ್ಲಿ ನಿಂತವರು ಎರಡು ತತ್ವ ಆರಿಸಿಕೊಳ್ಳುತ್ತಾರೆ ಎಂಬುದು ರಾಲ್ಸ್ ವಾದ. ಮೊದಲನೆಯದು, ಮೂಲ ಸ್ವಾತಂತ್ರ್ಯಗಳು ಎಲ್ಲರಿಗೂ ಸಮ. ಜಾಸ್ತಿ ದುಡ್ಡು ಸಿಗುತ್ತದೆ ಅಂತ ಇವನ್ನು ಮಾರುವಂತಿಲ್ಲ. ಎರಡನೆಯದು, ಆದಾಯದಲ್ಲಿ ಏರುಪೇರು ಇರಬಹುದು, ಆದರೆ ಎರಡು ಷರತ್ತು. ಮೇಲಿನ ಸ್ಥಾನಗಳ ಬಾಗಿಲು ಎಲ್ಲರಿಗೂ ನಿಜವಾಗಿ ತೆರೆದಿರಬೇಕು. ಮತ್ತು ಆ ಏರುಪೇರಿನಿಂದ ಎಲ್ಲಕ್ಕಿಂತ ಕೆಳಗಿರುವವರಿಗೂ ಒಳ್ಳೆಯದಾಗಬೇಕು. ರಾಲ್ಸ್ ಅಂದರೆ ಎಲ್ಲರಿಗೂ ಸಮ ಸಂಬಳ ಎಂದು ಕೆಲವರು ಹೇಳುವುದುಂಟು. ಅದು ತಪ್ಪು. ಡಾಕ್ಟರಿಗೆ ಹೆಚ್ಚು ಸಂಬಳ ಕೊಟ್ಟರೆ ಕೊನೆಯ ಸಾಲಿನವನ ಆರೋಗ್ಯವೂ ಸುಧಾರಿಸುತ್ತದೆ ಅಂದರೆ ರಾಲ್ಸ್ ತಕರಾರು ಮಾಡುವುದಿಲ್ಲ.

ತಕರಾರು ಬಂದದ್ದು ಬೇರೆ ಕಡೆಯಿಂದ. ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನಿ ರಾಲ್ಸ್‌ಗಿಂತ ಮುಂಚೆಯೇ, 1950ರ ದಶಕದಲ್ಲಿ, ಇಂಥದ್ದೇ ಪರದೆಯ ಬಗ್ಗೆ ಯೋಚಿಸಿದ್ದರು. ಆದರೆ ಅವರಿಗೆ ಬಂದ ಉತ್ತರ ಬೇರೆ. ಮೂರೇ ಜನರ ಎರಡು ಸಮಾಜ ಇವೆ ಅಂದುಕೊಳ್ಳಿ. ಒಂದರಲ್ಲಿ ಪಾಲು 100, 100, 10. ಇನ್ನೊಂದರಲ್ಲಿ 60, 50, 40. ನೀವು ಯಾವ ಜಾಗದಲ್ಲಿ ಬೀಳುತ್ತೀರೋ ಗೊತ್ತಿಲ್ಲ. ಹರ್ಸಾನಿ ಸರಾಸರಿ ನೋಡುತ್ತಾರೆ. ಮೊದಲನೆಯದರಲ್ಲಿ 70, ಎರಡನೆಯದರಲ್ಲಿ 50. ಹಾಗಾಗಿ ಮೊದಲನೆಯದು. ರಾಲ್ಸ್ ಕೆಳಗಿನ ತುದಿ ನೋಡುತ್ತಾರೆ. 10ಕ್ಕಿಂತ 40 ಮೇಲು. ಹಾಗಾಗಿ ಎರಡನೆಯದು. ಇದು ಒಂದು ಸಲ ಮಾತ್ರ ಆಡುವ ಜೂಜು, ಪಣಕ್ಕಿಟ್ಟಿರುವುದು ಇಡೀ ಬದುಕು. ಆದ್ದರಿಂದ ನನ್ನ ಒಲವು ರಾಲ್ಸ್ ಕಡೆಗೆ. ಆದರೆ ಅಂಕಿಗಳನ್ನು 100, 100, 39 ಅಂತ ಬದಲಾಯಿಸಿ ನೋಡಿ. ರಾಲ್ಸ್ ಆಗಲೂ 60, 50, 40ನ್ನೇ ಹಿಡಿಯಬೇಕು. ಅಲ್ಲಿ ನನಗೂ ಕಾಲು ಜಾರುತ್ತದೆ.

ಇನ್ನು ರಾಬರ್ಟ್ ನೊಜಿಕ್. ಅವರೂ ಹಾರ್ವರ್ಡ್‌ನವರೇ. 1974ರಲ್ಲಿ ಅವರು ಕೇಳಿದ ಪ್ರಶ್ನೆ ಇದು. ನಿಮಗೆ ನ್ಯಾಯ ಅನ್ನಿಸುವ ಹಾಗೆ ಎಲ್ಲರಿಗೂ ದುಡ್ಡು ಹಂಚಿಬಿಡಿ. ವಿಲ್ಟ್ ಚೇಂಬರ್ಲಿನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನ ಆಟ ನೋಡಲು ಹತ್ತು ಲಕ್ಷ ಜನ ಖುಷಿಯಿಂದ ತಲಾ 25 ಸೆಂಟ್ ಅವನ ಡಬ್ಬಕ್ಕೆ ಹಾಕುತ್ತಾರೆ. ಈಗ ಅವನ ಹತ್ತಿರ 2,50,000 ಡಾಲರ್. ನಿಮ್ಮ ಹಂಚಿಕೆ ಮುರಿದುಬಿತ್ತು. ಯಾರಿಗೆ ಅನ್ಯಾಯವಾಯಿತು? ಕೊಟ್ಟವರು ಮನಸಾರೆ ಕೊಟ್ಟರು. ಅದನ್ನು ಮತ್ತೆ ಸರಿಮಾಡಬೇಕಾದರೆ ಜನರ ದಿನನಿತ್ಯದ ಬದುಕಿಗೆ ಸರ್ಕಾರ ಮೂಗು ತೂರಿಸುತ್ತಲೇ ಇರಬೇಕು. ಹಾಗಾಗಿ ಯಾರ ಹತ್ತಿರ ಎಷ್ಟಿದೆ ಅಂತ ಕೇಳಬೇಡಿ, ಅದು ಹೇಗೆ ಬಂತು ಅಂತ ಕೇಳಿ ಅನ್ನುತ್ತಾರೆ ನೊಜಿಕ್.

ಈ ವಾದ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಇದು ನಿಂತಿರುವುದು ಒಂದೇ ಕಂಬದ ಮೇಲೆ: ಮೊದಲ ಆಸ್ತಿ ನ್ಯಾಯವಾಗಿ ಬಂದಿರಬೇಕು. ಭೂಮಿಯ ಮೇಲೆ ಎಷ್ಟು ಜಮೀನು ಹಾಗೆ ಕೈಬದಲಾಗಿದೆ? ಯುದ್ಧ, ಗುಲಾಮಗಿರಿ, ಬೆದರಿಕೆ ಎಲ್ಲ ದಾಟಿ ಬಂದ ಪಟ್ಟಿ ಅದು. ಹಿಂದಿನ ಅನ್ಯಾಯವನ್ನು ಸರಿಪಡಿಸಬೇಕು ಎಂದು ನೊಜಿಕ್ ಕೂಡ ಒಪ್ಪುತ್ತಾರೆ. ಹೇಗೆ ಅನ್ನುವ ಜಾಗದಲ್ಲಿ ಮಾತ್ರ ಅವರ ಪುಸ್ತಕ ಬೇಗ ಬೇಗ ಹೆಜ್ಜೆ ಹಾಕುತ್ತದೆ.

ಅಮರ್ತ್ಯ ಸೇನ್ ಕೊಡುವ ಚುಚ್ಚು ಇನ್ನೊಂದು ಬಗೆಯದು. 1979ರ ಉಪನ್ಯಾಸದಲ್ಲಿ ಅವರು ಕೇಳಿದ್ದು, ಸಮ ಅಂದರೆ ಯಾವುದು ಸಮ? ಕಾಲಿಲ್ಲದವರಿಗೂ ಕಾಲಿರುವವರಿಗೂ ಒಂದೇ ಮೊತ್ತ ಕೊಟ್ಟರೆ ಇಬ್ಬರೂ ಸಮಾನವಾಗಿ ಓಡಾಡಲಾರರು. ಆದ್ದರಿಂದ ಕೈಯಲ್ಲಿ ಏನಿದೆ ಅನ್ನುವುದನ್ನು ಬಿಟ್ಟು, ಅದರಿಂದ ಏನು ಮಾಡಲು ಸಾಧ್ಯ ಅನ್ನುವುದನ್ನು ಅಳೆಯಿರಿ. ಮುಂದೆ 2009ರಲ್ಲಿ ಅವರು ನಮಗೆ ಗೊತ್ತಿರುವ ಎರಡು ಪದಗಳನ್ನೇ ಎತ್ತಿಕೊಂಡರು. ‘ನೀತಿ’ ಅಂದರೆ ಕಟ್ಟುಪಾಡು, ಸಂಸ್ಥೆ, ಕಾಗದದ ಮೇಲಿನ ವ್ಯವಸ್ಥೆ. ‘ನ್ಯಾಯ’ ಅಂದರೆ ಜನರ ಬದುಕಿನಲ್ಲಿ ನಿಜಕ್ಕೂ ನಡೆಯುವುದು. ನೀತಿ ಪರಿಪೂರ್ಣವಾಗಲಿ ಅಂತ ಕಾಯುತ್ತಾ ಕೂರಬೇಕಿಲ್ಲ. ಕಣ್ಣೆದುರಿನ ಅನ್ಯಾಯವನ್ನು ಗುರುತಿಸಲು ಅದು ಬೇಕೂ ಇಲ್ಲ.

ಜನ ನಿಜವಾಗಿ ಏನು ಮಾಡುತ್ತಾರೆ?

ತತ್ವಜ್ಞಾನಿಗಳು ಜನ ಏನು ಒಪ್ಪಬೇಕು ಅಂತ ಯೋಚಿಸುತ್ತಿದ್ದಾಗ, ಅರ್ಥಶಾಸ್ತ್ರಜ್ಞರು ಜನರನ್ನೇ ಕೂರಿಸಿಕೊಂಡು ನೋಡಿದರು. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಇಬ್ಬರು ಸಂಗಡಿಗರು ಪ್ರಕಟಿಸಿದ ಒಂದು ಆಟ ಈಗ ಬಹಳ ಹೆಸರುವಾಸಿ. ಇಬ್ಬರು ಅಪರಿಚಿತರು. ಒಬ್ಬನ ಕೈಗೆ ಒಂದಿಷ್ಟು ದುಡ್ಡು. ಅದರಲ್ಲಿ ಎಷ್ಟನ್ನು ಇನ್ನೊಬ್ಬನಿಗೆ ಕೊಡಬೇಕು ಎಂದು ಅವನೇ ಹೇಳಬೇಕು. ಇನ್ನೊಬ್ಬ ಒಪ್ಪಿದರೆ ಹಾಗೇ ಹಂಚಿಕೆ. ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಚೌಕಾಸಿ ಇಲ್ಲ.

ಬರೀ ಲಾಭ ನೋಡುವವನು ನೂರರಲ್ಲಿ ಒಂದು ಕೊಟ್ಟರೂ ಒಪ್ಪಬೇಕು. ಸೊನ್ನೆಗಿಂತ ಒಂದು ಮೇಲು ತಾನೇ? ಆದರೆ ಜನ ಹಾಗೆ ಮಾಡುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ನಲವತ್ತು, ಐವತ್ತು ಕೊಡುತ್ತಾರೆ. ಇಪ್ಪತ್ತಕ್ಕಿಂತ ಕಡಿಮೆ ಕೊಟ್ಟರೆ ‘ನಿನ್ನ ದುಡ್ಡು ನೀನೇ ಇಟ್ಕೋ’ ಅನ್ನುವವರು ಬಹಳ ಜನ. ತಮ್ಮ ಕೈಗೆ ಬರುವುದನ್ನು ಕಳೆದುಕೊಂಡಾದರೂ ಎದುರಿನವನಿಗೆ ಬುದ್ಧಿ ಕಲಿಸುತ್ತಾರೆ.

ಆಮೇಲೆ ಇದೇ ಆಟವನ್ನು 15 ಸಣ್ಣ ಸಮುದಾಯಗಳಲ್ಲಿ ಆಡಿಸಿ ನೋಡಿದರು. ಪೆರುವಿನ ಕಾಡಿನ ಮಾಚಿಗೆಂಗಾ ಜನ ಸರಾಸರಿ ನೂರಕ್ಕೆ 26 ಕೊಟ್ಟರು. ಅಷ್ಟು ಕಡಿಮೆ ಕೊಟ್ಟರೂ ಬೇಡ ಅಂದವರು ತೀರಾ ಅಪರೂಪ. ಇಂಡೊನೇಷ್ಯಾದ ಲಾಮಲೇರಾದಲ್ಲಿ ಸರಾಸರಿ 58, ಅಂದರೆ ಅರ್ಧಕ್ಕಿಂತ ಜಾಸ್ತಿ. ಲಾಮಲೇರಾದವರು ದೋಣಿಗಳಲ್ಲಿ ಒಟ್ಟಾಗಿ ಹೋಗಿ ತಿಮಿಂಗಿಲ ಹಿಡಿಯುವವರು. ಒಬ್ಬರಿಂದ ಆಗುವ ಕೆಲಸ ಅಲ್ಲ ಅದು. ಹಿಡಿದದ್ದರ ಯಾವ ಭಾಗ ಯಾರಿಗೆ ಅನ್ನುವುದಕ್ಕೂ ಪಕ್ಕಾ ನಿಯಮ ಇದೆ. ಮಾಚಿಗೆಂಗಾದವರ ದುಡಿಮೆ ಹೆಚ್ಚಾಗಿ ಅವರವರ ಮನೆಮಟ್ಟಿಗೆ. ‘ಸರಿಯಾದ ಪಾಲು’ ಅನ್ನುವ ಭಾವನೆ ದುಡಿಮೆಯ ರೀತಿಯಿಂದಲೂ ಹುಟ್ಟುತ್ತದೆ ಅಂತ ನನಗೆ ಮನದಟ್ಟಾದದ್ದು ಇಲ್ಲಿ.

ಪೇಟೆಯಲ್ಲೂ ಇದೇ ಕಥೆ. 1986ರಲ್ಲಿ ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಜನರ ಮುಂದೆ ಒಂದು ಸನ್ನಿವೇಶ ಇಟ್ಟರು. ಅಂಗಡಿಯಲ್ಲಿ ಹಿಮ ತೆಗೆಯುವ ಸಲಿಕೆಗೆ 15 ಡಾಲರ್. ರಾತ್ರಿ ಜೋರು ಹಿಮ ಬಿತ್ತು. ಬೆಳಿಗ್ಗೆ ಬೆಲೆ 20 ಡಾಲರ್. ಇದು ಸರಿಯೇ? ನೂರಕ್ಕೆ 82 ಜನ ತಪ್ಪು ಎಂದರು. ಬೆಲೆ ಏರಿದರೆ ಅಗತ್ಯ ಇರುವವರಿಗೇ ಸಲಿಕೆ ಉಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಪಾಠ. ಪರರ ಕಷ್ಟವನ್ನು ಕಾಸು ಮಾಡಿಕೊಳ್ಳಬಾರದು ಎಂಬುದು ಜನರ ಪಾಠ. ಪಾಠದ ಪುಸ್ತಕ ಒಂದು ಮಾತು ಮರೆಯುತ್ತದೆ: ಜಾಸ್ತಿ ಬೆಲೆ ಕೊಡುವವನಿಗೆ ಅಗತ್ಯ ಜಾಸ್ತಿ ಇರಬಹುದು, ಸುಮ್ನೆ ದುಡ್ಡು ಜಾಸ್ತಿ ಇರಬಹುದು. ಜನರೂ ಒಂದು ಮಾತು ಮರೆಯುತ್ತಾರೆ. ಬೆಲೆ ಏರದಿದ್ದರೆ ಸಾಲು ಬೆಳೆಯುತ್ತದೆ. ದಿನಗೂಲಿಯವನಿಗೆ ಸಾಲಿನಲ್ಲಿ ನಿಲ್ಲುವುದೂ ಒಂದು ಬೆಲೆಯೇ.

ಸರ್ಕಾರವೇ ತಪ್ಪು ಅಳತೆಗೋಲು ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ತಲೆಗಂದಾಯ ಸಾಕ್ಷಿ. 1989ರಲ್ಲಿ ಸ್ಕಾಟ್‌ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಬಂತು. ಒಂದು ಊರಿನ ಪ್ರತಿ ವಯಸ್ಕರಿಗೂ ಒಂದೇ ಮೊತ್ತ. ತೀರಾ ಬಡವರಿಗೆ ರಿಯಾಯಿತಿ ಇತ್ತು, ಆದರೆ ಅದರಿಂದ ಮೇಲಿನ ಸಾಮಾನ್ಯ ನೌಕರನೂ ಬಂಗಲೆಯ ಯಜಮಾನನೂ ಒಂದೇ ಸಾಲು. ಎಲ್ಲರೂ ಅದೇ ಬೀದಿದೀಪ, ಅದೇ ರಸ್ತೆ ಬಳಸುತ್ತಾರೆ ತಾನೇ, ಸಮ ಬಳಕೆಗೆ ಸಮ ಬೆಲೆ ಅನ್ನುವುದು ಸಮರ್ಥನೆ. ತಾಕತ್ತಿಗೆ ತಕ್ಕ ಭಾರ ಹೊರಿಸಿ ಅನ್ನುವುದು ವಿರೋಧಿಗಳ ಮಾತು. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಗಲಭೆಯೇ ಆಯಿತು. ಅದೇ ನವೆಂಬರಿನಲ್ಲಿ ಮಾರ್ಗರೆಟ್ ಥ್ಯಾಚರ್ ಅಧಿಕಾರ ಬಿಡಲು ಇದೂ ಒಂದು ಕಾರಣ. 1993ರಲ್ಲಿ ತಲೆಗಂದಾಯ ಹೋಗಿ, ಮನೆಯ ಬೆಲೆಯನ್ನು ನೋಡಿ ಹಾಕುವ ತೆರಿಗೆ ಬಂತು.

ಸಾಲಿನ ಹೊರಗೆ ನಿಂತವರು

ಇಷ್ಟು ಹೊತ್ತು ಒಂದು ವಿಷಯವನ್ನು ಕೇಳದೆಯೇ ಒಪ್ಪಿಕೊಂಡು ಬಂದೆವು. ಪಾಲುದಾರರು ಯಾರು ಅನ್ನುವುದು ಮೊದಲೇ ಗೊತ್ತು ಅಂತ. ರಾಲ್ಸ್ ಕೂಡ ಹಾಗೇ ಮಾಡಿದರು. ಹುಟ್ಟಿನಿಂದ ಒಳಗೆ ಬಂದು ಸಾವಿನಿಂದ ಹೊರಗೆ ಹೋಗುವ, ಮುಚ್ಚಿದ ಒಂದು ಸಮಾಜವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಬರೆದರು.

ಹೆಚ್ಚಿನ ಜನಕ್ಕೆ ಪೌರತ್ವ ಸಿಗುವುದು ಎರಡೇ ದಾರಿಯಲ್ಲಿ. ಹುಟ್ಟಿದ ಮಣ್ಣು, ಇಲ್ಲವೇ ಹೆತ್ತವರ ರಕ್ತ. ಎರಡೂ ನಾವು ಆರಿಸಿಕೊಂಡದ್ದಲ್ಲ. ಜಗತ್ತಿನ ಜನರ ಆದಾಯದ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಅವರು ಯಾವ ದೇಶದಲ್ಲಿ ಇದ್ದಾರೆ ಅನ್ನುವುದರಿಂದಲೇ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೋವಿಚ್ ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾದರೆ ಅಜ್ಞಾನದ ಪರದೆಯ ಹಿಂದೆ ನಿಂತವರಿಗೆ ತಮ್ಮ ದೇಶ ಯಾವುದು ಅನ್ನುವುದೂ ಗೊತ್ತಿರಬಾರದಲ್ಲ? 1987ರಲ್ಲಿ ರಾಜಕೀಯ ಚಿಂತಕ ಜೋಸೆಫ್ ಕೇರನ್ಸ್ ಕೇಳಿದ್ದು ಇದನ್ನೇ. ಶ್ರೀಮಂತ ದೇಶದ ಪೌರತ್ವ ಅನ್ನುವುದು ಹಿಂದಿನ ಕಾಲದ ಪಾಳೆಯಗಾರರ ಹುಟ್ಟುಸವಲತ್ತಿನ ಹೊಸ ರೂಪ ಎಂದರು ಅವರು. ರಾಲ್ಸ್ ಅಲ್ಲಿಯವರೆಗೆ ಹೋಗಲಿಲ್ಲ. ಬೇರೆ ದೇಶಗಳಿಗೆ ನೆರವಾಗುವ ಕರ್ತವ್ಯ ಇದೆ ಎಂದರು, ಅಷ್ಟಕ್ಕೇ ನಿಂತರು.

ಎದುರು ವಾದವೂ ಗಟ್ಟಿಯಾಗಿದೆ. ನಾವು ಒಬ್ಬರಿಗೊಬ್ಬರು ಹಂಚುವ ಮೊದಲ ವಸ್ತು ಸದಸ್ಯತ್ವ ಎಂದು ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ 1983ರಲ್ಲಿ ಬರೆದರು. ‘ನಾವು’ ಅನ್ನುವ ಭಾವ ಇಲ್ಲದೆ ಯಾರೂ ಯಾರಿಗಾಗಿಯೂ ತೆರಿಗೆ ಕಟ್ಟುವುದಿಲ್ಲ, ಆ ‘ನಾವು’ ಯಾರು ಎಂದು ನಿರ್ಧರಿಸುವ ಹಕ್ಕು ಸಮುದಾಯಕ್ಕೆ ಇರಬೇಕು ಎಂಬುದು ಅವರ ನಿಲುವು. ಇದು ಗಡಿ ಇರಬೇಕು ಅನ್ನುವುದಕ್ಕೆ ಒಳ್ಳೆಯ ಕಾರಣ ಅಂತ ನನಗೂ ಅನ್ನಿಸುತ್ತದೆ. ಆದರೆ ಗಡಿಯೊಳಗೇ ವರ್ಷಗಟ್ಟಲೆ ದುಡಿದು, ತೆರಿಗೆ ಕಟ್ಟಿ, ಕಾನೂನು ಪಾಲಿಸಿ, ಮತ ಮಾತ್ರ ಇಲ್ಲದವರಿಗೆ ಏನು ಹೇಳುವುದು? ವಾಲ್ಜರ್ ಇಲ್ಲಿ ನೇರವಾಗಿಯೇ ಹೇಳುತ್ತಾರೆ. ದುಡಿಯಲು ಕರೆಸಿಕೊಂಡವರಿಗೆ ಪೌರತ್ವದ ದಾರಿ ತೆರೆಯಲೇಬೇಕು, ಇಲ್ಲದಿದ್ದರೆ ಅದು ಒಂದು ಗುಂಪು ಇನ್ನೊಂದನ್ನು ಆಳುವ ದಬ್ಬಾಳಿಕೆ.

ಯಾವ ದೇಶದ ಪಟ್ಟಿಯಲ್ಲೂ ಇಲ್ಲದವರ ಕಷ್ಟ ಇನ್ನೂ ಘೋರ. ಮೊದಲ ಮಹಾಯುದ್ಧದ ನಂತರ ಇಂಥವರ ಸಂಖ್ಯೆ ಎಷ್ಟು ಬೆಳೆಯಿತೆಂದರೆ, 1922ರಲ್ಲಿ ನಿರಾಶ್ರಿತರ ಹೊಣೆ ಹೊತ್ತಿದ್ದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಅವರ ಹೆಸರಿನ ಪಾಸ್‌ಪೋರ್ಟನ್ನೇ ತರಬೇಕಾಯಿತು, ಮೊದಲಿಗೆ ರಷ್ಯಾದಿಂದ ಬಂದ ನಿರಾಶ್ರಿತರಿಗಾಗಿ. ಚಿಂತಕಿ ಹ್ಯಾನಾ ಅರೆಂಟ್ ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ವರ್ಷಗಟ್ಟಲೆ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ಮನುಷ್ಯನಾಗಿ ಹುಟ್ಟಿದ್ದಕ್ಕೆ ಹಕ್ಕುಗಳು ಇವೆ ಅನ್ನುತ್ತಾರೆ, ಆದರೆ ಕೇಳಲು ಒಂದು ಸರ್ಕಾರ ಇಲ್ಲದವನಿಗೆ ಆ ಹಕ್ಕು ಕೊಡುವವರೇ ಇಲ್ಲ ಎಂಬುದನ್ನು ಅವರು ಅನುಭವಿಸಿ ಬರೆದರು. ಎಲ್ಲಕ್ಕಿಂತ ಮೊದಲು ಬೇಕಾದದ್ದು ಹಕ್ಕುಗಳನ್ನು ಪಡೆಯುವ ಹಕ್ಕು.

ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಇಂಥ ವಿರೋಧಾಭಾಸದ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು.

ಇನ್ನು ಪಟ್ಟಿ ಮಾಡುವವರು ಯಾರು ಅನ್ನುವ ಪ್ರಶ್ನೆ. ಇದನ್ನು ಕಣ್ಣಾರೆ ನೋಡಬೇಕಾದರೆ ಸ್ವಿಟ್ಜರ್ಲೆಂಡಿಗೆ ಹೋಗಬೇಕು. ಅಲ್ಲಿ ಹೆಂಗಸರಿಗೆ ಮತ ಕೊಡಬೇಕೇ ಎಂದು 1959ರಲ್ಲಿ ಮತ ಕೇಳಿದರು. ಮತ ಹಾಕಿದವರು ಗಂಡಸರು ಮಾತ್ರ. ಬೇಡ ಎಂದರು. 1971ರಲ್ಲಿ ಮತ್ತೆ ಕೇಳಿದರು, ಆಗ ಒಪ್ಪಿದರು. ಆದರೆ ಆಪೆನ್‌ಸೆಲ್ ಇನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯ ತನ್ನ ಒಳಗಿನ ಮತದಾನದಲ್ಲಿ ಹೆಂಗಸರನ್ನು ಸೇರಿಸಲೇ ಇಲ್ಲ. ಅಲ್ಲಿ ಏಪ್ರಿಲ್‌ನ ಕೊನೆಯ ಭಾನುವಾರ ಬಯಲಿನಲ್ಲಿ ಸಭೆ ಸೇರುತ್ತದೆ. ಕೈ ಎತ್ತಿ ಮತ ಹಾಕುತ್ತಾರೆ. ಗಂಡಸರು ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಬರುತ್ತಾರೆ, ಮತದ ಹಕ್ಕಿದೆ ಅನ್ನುವುದಕ್ಕೆ ಆ ಕತ್ತಿಯೇ ಗುರುತು. 1990ರ ಏಪ್ರಿಲ್‌ನಲ್ಲೂ ಆ ಬಯಲಿನಲ್ಲಿ ಕೈಗಳು ಎದ್ದವು, ಹೆಂಗಸರು ಬೇಡ ಎಂದು.

ಅದೇ ವರ್ಷದ ನವೆಂಬರ್ 27ರಂದು ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಪ್ರಾಂತ್ಯದ ಸಂವಿಧಾನದ ಒಂದು ಅಕ್ಷರವನ್ನೂ ಬದಲಿಸಬೇಕಿಲ್ಲ, ಅದರಲ್ಲಿರುವ ‘ನಾಡಿನ ಜನ’ ಅನ್ನುವ ಮಾತಿನೊಳಗೆ ಹೆಂಗಸರೂ ಇದ್ದಾರೆ ಎಂದು ಓದಿದರೆ ಸಾಕು ಎಂದಿತು. ಮರುವರ್ಷದ ಏಪ್ರಿಲ್ ಸಭೆಗೆ ಹೆಂಗಸರೂ ಬಂದರು. ಗಂಡಸರ ಸೊಂಟದಲ್ಲಿ ಕತ್ತಿ, ಹೆಂಗಸರ ಕೈಯಲ್ಲಿ ಮತದ ಹಕ್ಕಿನ ಗುರುತಿನ ಚೀಟಿ.